ತುಂಗಭದ್ರಾ ಹಿನ್ನೀರಿನಲ್ಲಿ ಗಾರ್ಮಿನ್ ಸ್ಟ್ರೈಕರ್ ಪ್ಲಸ್ 4: ದೀರ್ಘ ಬಳಕೆಯ ವಿಮರ್ಶೆ

ಮುನಿರಾಬಾದ್ ಡ್ಯಾಮಿನ ಹಿನ್ನೀರಿನಲ್ಲಿ, ಕೊಪ್ಪಳದ ಬದಿಗೆ ಬಲೆ ಬಿಡುವವರಿಗೆ ಮೀನು, ಆಳ ತೋರಿಸುವ ಈ ಫಿಶ್‌ಫೈಂಡರ್ ಯಂತ್ರ ಧಾರಾಳವಾಗಿ ಸಾಕು. 4.3 ಇಂಚಿನ ಪರದೆ, ಶಬ್ದದ ಅಲೆಯಿಂದ ಆಳ ತೋರಿಸುವ ಸೋನಾರ್, ಜಿಪಿಎಸ್, 5000 ವೇಪಾಯಿಂಟ್‌ಗೆ (ಜಾಗದ ಗುರುತಿಗೆ) ಸ್ಥಳ. ಒಳಗೆ ನಕ್ಷೆ ಇಲ್ಲ. ಕಡಲಿನ ನಕ್ಷೆ ಇದ್ದಿದ್ದರೂ ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಬಂಡೆ, ಹಳೇ ಹೊಳೆಯ ಪಾತ್ರ, ಬಲೆ ಹರಿದುಹಾಕುವ ಮುಳುಗಿದ ಬಳ್ಳಾರಿ ಜಾಲಿ, ಎಲ್ಲಕ್ಕೂ ನಾವೇ ಗುರುತು ಹಾಕಬೇಕು.

ಗುರುತು ಹಾಕುವಾಗ ಡ್ಯಾಮಿನ ನೀರಿನ ಮಟ್ಟ ಮರೆತರೆ ಅದು ಮುಂದಿನ ತಿಂಗಳು ದಾರಿ ತಪ್ಪಿಸುತ್ತದೆ. ತುಂಬಿದಾಗ ಮಟ್ಟ ಸಮುದ್ರ ಮಟ್ಟದಿಂದ 1633 ಅಡಿ. ಬೇಸಿಗೆಯಲ್ಲಿ 1600ಕ್ಕಿಂತಲೂ ಕೆಳಗಿಳಿಯುತ್ತದೆ. ಹಾಗಾಗಿ ಮೊದಲು ಆಳದ ಅಳತೆಯನ್ನು ಅಡಿಗೆ ಬದಲಿಸಿ. ಮಟ್ಟ 1628 ಇರುವ ದಿನ ಬಂಡೆಯ ನೆತ್ತಿ 18 ಅಡಿ ಆಳದಲ್ಲಿ ಕಂಡರೆ, 1628ರಲ್ಲಿ 18 ಕಳೆದು ವೇಪಾಯಿಂಟಿಗೆ ‘ಆರ್1610’ (ಆರ್ ಎಂದರೆ ರಾಕ್, ಬಂಡೆ) ಎಂದು ಹೆಸರಿಡಿ. ಮಟ್ಟ 1612ಕ್ಕೆ ಬಂದ ದಿನ ಅದರ ಮೇಲೆ ಎರಡೇ ಅಡಿ ನೀರು ಎಂಬುದು ಹೆಸರು ನೋಡಿದರೇ ತಿಳಿಯುತ್ತದೆ. ಲೆಕ್ಕ ಸರಿ ಬರಬೇಕಾದರೆ ಟ್ರಾನ್ಸ್‌ಡ್ಯೂಸರ್ (ನೀರಿಗಿಳಿಸುವ ಸೋನಾರ್ ಸಂವೇದಕ) ನೀರಿನೊಳಗೆ ಎಷ್ಟು ಇಳಿದಿದೆಯೋ ಅಷ್ಟನ್ನು ಕೀಲ್ ಆಫ್‌ಸೆಟ್ ಎಂಬ ಸೆಟ್ಟಿಂಗ್‌ನಲ್ಲಿ ಕೂಡಿಸಿರಬೇಕು.

ನಾವು ಓಡಾಡಿದಂತೆ ಯಂತ್ರವೇ ಆಳದ ಗೆರೆ ಎಳೆದು ಮಾಡುವ ಕ್ವಿಕ್‌ಡ್ರಾ ನಕ್ಷೆಗೂ ಇದೇ ಲೆಕ್ಕ. 1630ರಲ್ಲಿ ಶುರು ಮಾಡಿದ ನಕ್ಷೆಯನ್ನು 1622ರಲ್ಲಿ ಮುಂದುವರಿಸುವಾಗ ರೆಕಾರ್ಡಿಂಗ್ ಆಫ್‌ಸೆಟ್ +8 ಅಡಿ ಕೊಡಿ. ಕೊಡದಿದ್ದರೆ ಹಳೇ ಗೆರೆ, ಹೊಸ ಗೆರೆ ಒಂದಕ್ಕೊಂದು ಕೂಡುವುದೇ ಇಲ್ಲ. ಈ ಡ್ಯಾಮಿನಲ್ಲಿ ಹೂಳು ವಿಪರೀತ. ಪ್ರತಿ ಮಳೆಗಾಲ ಕಳೆದ ಮೇಲೆ ಮುಖ್ಯ ಗುರುತುಗಳ ಆಳ ಮತ್ತೆ ನೋಡಲೇಬೇಕು.

ಸೋನಾರ್ ಪರದೆಯ ಬಲ ಅಂಚು ಮಾತ್ರ ಈ ಕ್ಷಣದ್ದು, ಎಡಕ್ಕೆ ಸರಿದದ್ದು ಆಗಲೇ ಹಿಂದೆ ಬಿದ್ದದ್ದು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಐದು ಸೆಕೆಂಡ್ ತಡವಾಗಿ ಬಟನ್ ಒತ್ತಿದರೆ ಗುರುತು ಸುಮಾರು 14 ಮೀಟರ್ ಆಚೆ ಬೀಳುತ್ತದೆ. ಸೋನಾರ್ ನಿಲ್ಲಿಸಿ, ಕರ್ಸರ್ ಬಂಡೆಯ ಮೇಲಿಟ್ಟು ವೇಪಾಯಿಂಟ್ ಮಾಡುವುದೇ ಸರಿ.

ಫೋನಿನಿಂದ ಜಾಗದ ಅಕ್ಷಾಂಶ, ರೇಖಾಂಶದ ಅಂಕಿ ತುಂಬುವವರು ತೀರಾ ಎಚ್ಚರದಿಂದಿರಿ. ಫೋನಿನ 15.35 ಡಿಗ್ರಿ ಎಂದರೆ 15 ಡಿಗ್ರಿ 21 ನಿಮಿಷ. ಅದನ್ನೇ 15 ಡಿಗ್ರಿ 35 ನಿಮಿಷ ಎಂದು ಹೊಡೆದರೆ ಗುರುತು ಸುಮಾರು 26 ಕಿ.ಮೀ. ಉತ್ತರಕ್ಕೆ ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ದಶಮಾಂಶ ಡಿಗ್ರಿ ಆರಿಸಿಕೊಂಡರೆ ಈ ಗೊಂದಲವೇ ಇಲ್ಲ.

ಹರಿಗೋಲಿನಲ್ಲಿ ದಿಕ್ಕಿನ ಬಾಣ ನಂಬಬೇಡಿ. ಯಂತ್ರ ದಿಕ್ಕನ್ನು ಚಲನೆಯಿಂದಲೇ ಲೆಕ್ಕ ಹಾಕುವುದರಿಂದ, ನಿಧಾನಕ್ಕೆ ತಿರುಗುವ ಹರಿಗೋಲಿನಲ್ಲಿ ಬಾಣ ಸುಮ್ಮನೆ ಸುತ್ತುತ್ತದೆ. ಪರದೆಯಲ್ಲಿ ಉತ್ತರ ದಿಕ್ಕನ್ನು ಮೇಲಿಟ್ಟು ನಡೆಸಿ. ವೇಪಾಯಿಂಟಿಗೆ ಎಳೆಯುವ ಗೆರೆ ನೇರ ಗೆರೆ. ನಡುವೆ ನಡುಗಡ್ಡೆಯಿದ್ದರೂ ಅದಕ್ಕೆ ತಿಳಿಯದು.

12 ವೋಲ್ಟ್, 7 ಎಎಚ್ ಬ್ಯಾಟರಿ ಒಂದು ರಾತ್ರಿಗೆ ಸಾಕು. ಮೆಮೊರಿ ಕಾರ್ಡ್ ಹಾಕುವ ಜಾಗ ಇಲ್ಲದ್ದು ನಿಜವಾದ ಕೊರತೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಎಲ್ಲ ಗುರುತು ಅಳಿಯುತ್ತದೆ; ಹೆಸರು, ಅಂಕಿ, ಅವತ್ತಿನ ಮಟ್ಟವನ್ನು ನೋಟ್‌ಬುಕ್ಕಿನಲ್ಲೂ ಬರೆದಿಡಿ.