‘ಫುಲ್ ಹೊಸ ವೈರಿಂಗ್’ ಅಂತ ದುಡ್ಡು ಕೊಟ್ಟೆ, ಸಿಕ್ಕಿದ್ದು ಹೊಸ ಟೇಪ್ ಮಾತ್ರ

ಹಳೇ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೇಳಿದ್ದನ್ನೇ ಮತ್ತೆ ಹೇಳಬಹುದು, ಕ್ಷಮಿಸಿ. ನಾಲ್ಕು ದಿನ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ನನ್ನದು 1962ರ ಮಾರಿಸ್ ಮೈನರ್. ಕೊಂಡಾಗಲೇ ವೈರಿಂಗ್ ಹಾಳಾಗಿತ್ತು, ಅದು ನನಗೆ ಗೊತ್ತಿತ್ತು. ಹಿಂದಿನ ಓನರ್‌ಗಳು ಒಬ್ಬೊಬ್ಬರೂ ಒಂದೊಂದು ಕಡೆ ಕತ್ತರಿಸಿ, ತಿರುಚಿ, ಟೇಪ್ ಸುತ್ತಿದ್ದರು. ಹಾರ್ನೆಸ್ (ಎಲ್ಲಾ ವೈರು ಸೇರಿಸಿ ಕಟ್ಟಿದ ಕಂತೆ) ಮೇಲಿನ ಬಟ್ಟೆ ಹೆಣಿಗೆ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಒಳಗಿನ ವೈರು ಬಗ್ಗಿಸಿದರೆ ಸಿಪ್ಪೆ ಬಿರುಕು ಬಿಡುತ್ತಿತ್ತು. ಅಲ್ಲಿ ಇಲ್ಲಿ ಸರಿ ಮಾಡಿಸುವ ಗಾಡಿ ಇದಲ್ಲ, ಪೂರ್ತಿ ಬದಲಾಯಿಸಬೇಕು ಅಂತ ಮೊದಲೇ ನಿರ್ಧಾರ ಮಾಡಿದ್ದೆ.

ಹಳೇ ಗಾಡಿಗಳನ್ನೇ ಮಾಡುತ್ತೇನೆ ಅನ್ನುವ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಸಿಕ್ಕಿದರು. ಹೆಸರು ಬರೆಯುವುದಿಲ್ಲ. ನಾನು ಕೇಳಿದ್ದು ಒಂದೇ ಮಾತು. ‘ಬ್ಯಾಟರಿಯಿಂದ ಹಿಂದಿನ ಲೈಟ್‌ವರೆಗೂ ಹೊಸ ವೈರು, ಅಲ್ವಾ?’ ಅವರು ಹೇಳಿದ್ದು: ‘ಸಾರ್, ಒಂದಿಂಚು ಹಳೇ ವೈರು ಉಳಿಸಲ್ಲ. ಬಿಚ್ಚಿ ಬಿಸಾಕ್ತೀನಿ.’ ಈ ಮಾತು ನೆನಪಿಟ್ಟುಕೊಳ್ಳಿ. ಒಂದಿಂಚು ಉಳಿಸಲ್ಲ ಅಂದರು.

ಎರಡು ತಿಂಗಳು ಗಾಡಿ ಅಲ್ಲೇ ಇತ್ತು. ವಾಪಸ್ ಬಂದಾಗ ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ ನಾನೇ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಬಾನೆಟ್ ಕೆಳಗೆ ಕಪ್ಪು ಟೇಪ್ ಒಂದೇ ಸಮ ಸುತ್ತಿದ್ದರು. ತುದಿಗಳಲ್ಲಿ ಹೊಸ ಟರ್ಮಿನಲ್, ಹೊಸ ಸ್ಲೀವ್. ಪೂರ್ತಿ ದುಡ್ಡು ಅಲ್ಲೇ ಕೊಟ್ಟೆ. ಅಷ್ಟೇ ಅಲ್ಲ, ನನ್ನ ಸ್ನೇಹಿತರೊಬ್ಬರಿಗೆ ‘ಕಣ್ಣು ಮುಚ್ಚಿ ಅಲ್ಲಿಗೇ ಕೊಡಿ’ ಅಂತ ನಾನೇ ಹೇಳಿದೆ. ಇದನ್ನು ಬರೆಯುವಾಗ ನಾಚಿಕೆಯಿಂದ ಕೈ ಓಡುತ್ತಿಲ್ಲ.

ಮೂರು ವಾರಕ್ಕೆ ಹೆಡ್‌ಲೈಟ್ ಮಂಕಾಯಿತು. ಹಳದಿ ಬೆಳಕು, ದೀಪದ ಬುಡ್ಡಿ ಇಟ್ಟ ಹಾಗೆ. ತೆಗೆದುಕೊಂಡು ಹೋದೆ. ಅವರು ಬಲ್ಬಿನ ಪ್ಲಗ್ ಕಿತ್ತರು, ಅದರೊಳಗೆ ಮೀಟರ್ ಕಡ್ಡಿ ಇಟ್ಟರು. ‘ನೋಡಿ ಸಾರ್, ನೀವೇ ನೋಡಿ. ಹನ್ನೆರಡು ವೋಲ್ಟ್ ಬರ್ತಾ ಇದೆ. ವೈರಿಂಗ್ ಪಕ್ಕಾ. ಹಳೇ ಗಾಡಿ ಲೈಟ್ ಅಂದ್ರೆ ಇಷ್ಟೇ.’ ನಾನು ತಲೆ ಆಡಿಸಿ ವಾಪಸ್ ಬಂದೆ.

ಇಲ್ಲೇ ನಾನು ಮೋಸ ಹೋಗಿದ್ದು. ಬಲ್ಬ್ ಕಿತ್ತು ಅಳೆದರೆ ವೈರಿನ ಒಂದೇ ಒಂದು ತಾಮ್ರದ ಎಳೆ ತಗುಲಿಕೊಂಡಿದ್ದರೂ ಮೀಟರ್ ಹನ್ನೆರಡು ತೋರಿಸುತ್ತದೆ! ಕರೆಂಟ್ ಹರಿಯುತ್ತಲೇ ಇಲ್ಲವಲ್ಲ, ವೋಲ್ಟೇಜ್ ಯಾಕೆ ಬೀಳುತ್ತದೆ? ಅಳೆಯಬೇಕಾದ್ದು ಬಲ್ಬ್ ಉರಿಯುತ್ತಿರುವಾಗ. ಇದು ವೈರಿಂಗ್ ಕೆಲಸ ಮಾಡುವವರಿಗೆ ಗೊತ್ತಿರದ ವಿಷಯ ಅಲ್ಲ. ಗೊತ್ತಿದ್ದೇ ಹಾಗೆ ತೋರಿಸಿದರು ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ನಾಲ್ಕು ದಿನದ ಹಿಂದೆ, ರಾತ್ರಿ. ಹೈ ಬೀಮ್ ಹಾಕಿಕೊಂಡು ಬರುತ್ತಿದ್ದೆ. ಮೊದಲು ವಾಸನೆ ಬಂತು. ಪ್ಲಾಸ್ಟಿಕ್ ಸುಟ್ಟ ಆ ವಾಸನೆ ಒಮ್ಮೆ ಬಂದರೆ ಮರೆಯುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗಿನಿಂದ ಬಿಳಿ ಹೊಗೆ ಬಂತು, ಎರಡೂ ಲೈಟ್ ಹೋದವು. ಕತ್ತಲಲ್ಲಿ ಗಾಡಿ ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ ಬ್ಯಾಟರಿ ಟರ್ಮಿನಲ್ ಕಳಚಿದೆ. ಸ್ಪ್ಯಾನರ್ ಕೈಗೆ ಸಿಗುವ ಜಾಗದಲ್ಲಿತ್ತು. ಡಿಕ್ಕಿಯ ಮೂಲೆಯಲ್ಲಿ ಇದ್ದಿದ್ದರೆ ಈ ಕಾರು ಇವತ್ತು ಇರುತ್ತಿರಲಿಲ್ಲ.

ಫ್ಯೂಸ್ ಯಾಕೆ ಹೋಗಲಿಲ್ಲ ಅಂತ ಕೇಳಬಹುದು. ಈ ಕಾರಿನಲ್ಲಿ ಇರುವುದೇ ಎರಡು ಫ್ಯೂಸ್. ಹೆಡ್‌ಲೈಟ್ ದಾರಿಗೆ ಫ್ಯೂಸೇ ಇಲ್ಲ. ಬ್ಯಾಟರಿ ಕಡೆಯಿಂದ ಲೈಟ್ ಸ್ವಿಚ್‌ಗೆ ಬರುವ ದಪ್ಪ ಬ್ರೌನ್ ವೈರು ನೇರ ಲೈವ್. ಇಗ್ನಿಷನ್ ಕೀ ತೆಗೆದರೂ ಲೈವ್. ಆ ಕಾಲದ ಇಂಗ್ಲಿಷ್ ಗಾಡಿಗಳಲ್ಲಿ ಹೀಗೆ ಇರುವುದು ಸಾಮಾನ್ಯ. ಅದಕ್ಕೇ ಆ ಬ್ರೌನ್ ವೈರಿನಲ್ಲಿ ಕಳಪೆ ಜಾಯಿಂಟ್ ಇರಲೇಬಾರದು. ಇರಲೇಬಾರದು!

ಮಾರನೆಯ ದಿನ ಬ್ಲೇಡ್ ತೆಗೆದುಕೊಂಡು ಆ ಚೆಂದದ ಕಪ್ಪು ಟೇಪ್ ಸೀಳಿದೆ. ಒಂದು ಗೇಣು ಸೀಳುವಷ್ಟರಲ್ಲಿ ಕೈ ನಿಂತುಹೋಯಿತು. ಒಳಗೆ ನನ್ನ ಹಳೇ ವೈರುಗಳೇ. ಅದೇ ಪುಡಿಯಾದ ಬಟ್ಟೆ ಹೆಣಿಗೆ. ಹಿಂದಿನ ಓನರ್ ಸುತ್ತಿದ್ದ ಅಂಟಂಟು ಟೇಪ್ ಕೂಡ ಹಾಗೇ ಇತ್ತು, ಅದರ ಮೇಲೆಯೇ ಹೊಸ ಟೇಪ್. ಹೊಸ ವೈರು ಇದ್ದದ್ದು ಎರಡೂ ತುದಿಗಳಲ್ಲಿ ಮಾತ್ರ, ಕಣ್ಣಿಗೆ ಕಾಣುವಷ್ಟು. ನೆಲದ ಮೇಲೆ ಕೂತು ಎಷ್ಟೋ ಹೊತ್ತು ಅದನ್ನೇ ನೋಡುತ್ತಿದ್ದೆ. ಎರಡು ತಿಂಗಳು ಗಾಡಿ ಇಟ್ಟುಕೊಂಡು ಮಾಡಿದ್ದು ಇದಾ?

ಡ್ಯಾಶ್ ಹಿಂದೆ ಮಾತ್ರ 17 ಜಾಯಿಂಟ್ ಎಣಿಸಿದೆ. ಹೆಚ್ಚಿನವು ಬರೀ ತಿರುಚಿ ಟೇಪ್ ಸುತ್ತಿದ್ದು. ಬಿಸಿಗೆ ಟೇಪಿನ ಅಂಟು ಕರಗಿ ಜಾರಿ, ತಾಮ್ರ ಬಯಲಾಗಿತ್ತು. ಕೆಲವು ಕಡೆ ವೈರಿನ ಮೇಲೆ ಒತ್ತಿ ಕೂರಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್. ಅದರ ಬ್ಲೇಡು ಸಿಪ್ಪೆ ಸೀಳಿ ಎಳೆಗಳನ್ನೂ ಕತ್ತರಿಸುತ್ತದೆ, ಆ ಗಾಯದಲ್ಲಿ ನೀರು ಹೋಗಿ ತಾಮ್ರ ಹಸಿರಾಗಿತ್ತು. ಮೂರು ಕಡೆ ಸೋಲ್ಡರ್ ಮಾಡಿದ್ದರು. ಸೋಲ್ಡರ್ ತಪ್ಪಲ್ಲ. ಆದರೆ ಅದು ಎಳೆಗಳೊಳಗೆ ಹರಿದು ಗಟ್ಟಿಯಾಗುತ್ತದೆ, ಹಿಂದೆ ಮುಂದೆ ಆಸರೆ ಕೊಡದೆ ಬಿಟ್ಟರೆ ಗಾಡಿ ಅದುರಿ ಅದುರಿ ಸೋಲ್ಡರ್ ಮುಗಿದ ಜಾಗದಲ್ಲೇ ತುಂಡಾಗುತ್ತದೆ. ಮೂರರಲ್ಲಿ ಒಂದು ತುಂಡಾಗಿತ್ತು.

ಸುಟ್ಟಿದ್ದು ಎಲ್ಲಿ ಗೊತ್ತಾ? ಅದೇ ಬ್ರೌನ್ ವೈರಿನಲ್ಲಿ. ಎರಡೂ ಕಡೆ ದಪ್ಪ ವೈರು, ನಡುವೆ ಒಂದು ಗೇಣು ತೆಳು ವೈರು ತೇಪೆ ಹಾಕಿದ್ದರು. ಎಳೆ ಎಣಿಸಿದೆ. ದಪ್ಪದ್ದರಲ್ಲಿ 44 ಎಳೆ, ಒಂದೊಂದು 0.3 ಮಿಲಿಮೀಟರ್. ಅದು 27.5 ಆಂಪಿಯರ್ ತಡೆದುಕೊಳ್ಳುವ ವೈರು. ನಡುವಿನ ತೇಪೆಯಲ್ಲಿ 14 ಎಳೆ. ಅದರ ಲೆಕ್ಕ 8.75 ಆಂಪಿಯರ್. 60 ವಾಟಿನ ಎರಡು ಹೈ ಬೀಮ್‌ಗೇ 10 ಆಂಪಿಯರ್ ಬೇಕು. ಅದರ ಮೇಲೆ ಪಾರ್ಕಿಂಗ್ ಲೈಟ್, ಹಿಂದಿನ ಲೈಟ್. ಎಲ್ಲಾ ಆ 14 ಎಳೆಯ ಮೇಲೆ!

ಸುಡದೆ ಉಳಿದಿದ್ದ ಇನ್ನೊಂದು ಜಾಯಿಂಟ್ ಕತ್ತರಿಸಿಕೊಂಡು ಟೇಬಲ್ ಮೇಲೆ ಪರೀಕ್ಷೆ ಮಾಡಿದೆ. ಬಲ್ಬ್ ಇಲ್ಲದೆ 12.4 ವೋಲ್ಟ್. ಬಲ್ಬ್ ಹಾಕಿದ ಕೂಡಲೇ 9.9. ಎರಡೂವರೆ ವೋಲ್ಟ್ ಆ ಒಂದು ಗಂಟಿನಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆರಳಿಡಲು ಆಗಲಿಲ್ಲ. ‘ಹನ್ನೆರಡು ಬರ್ತಾ ಇದೆ ಸಾರ್’ ಅಂತ ತೋರಿಸಿದ್ದು ಇಂಥದ್ದನ್ನೇ.

ಫೋನ್ ಮಾಡಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಮೊದಲು: ‘ನೀವು ಜಾಸ್ತಿ ವಾಟಿನ ಬಲ್ಬ್ ಹಾಕಿರ್ತೀರಿ ಸಾರ್.’ ಹಾಕಿಲ್ಲ. ಅವರೇ ಹಾಕಿಕೊಟ್ಟ ಬಲ್ಬ್ ಅದು.

ಆಮೇಲೆ: ‘ಹೊಸ ವೈರಿಂಗ್ ಅಂದ್ರೆ ಕೆಟ್ಟಿದ್ದ ಜಾಗದಲ್ಲಿ ಹೊಸದು ಹಾಕೋದು ಸಾರ್. ಎಲ್ಲರೂ ಹೀಗೇ ಮಾಡೋದು.’ ಒಂದಿಂಚು ಉಳಿಸಲ್ಲ ಅಂದಿದ್ದು ಯಾರು ಹಾಗಾದರೆ?

ಅರ್ತ್ ವೈರು (ಗಾಡಿಯ ಲೋಹದ ಮೈಗೆ ಸೇರುವ ವೈರು) ಯಾಕೆ ಕೆಂಪು ಹಾಕಿದ್ದೀರಿ ಅಂತ ಕೇಳಿದೆ. ‘ನಿಮ್ಮದು ಪಾಸಿಟಿವ್ ಅರ್ತ್ ಗಾಡಿ ಅಲ್ವಾ ಸಾರ್, ಅದಕ್ಕೇ ಕೆಂಪು.’ ಹಳೇ ಗಾಡಿಗಳನ್ನೇ ಮಾಡುತ್ತೇನೆ ಅನ್ನುವವರ ಉತ್ತರ ಇದು! ಗಾಡಿಯ ಮೈಗೆ ಜೋಡಿಸಿದ್ದು ಬ್ಯಾಟರಿಯ ಪ್ಲಸ್ ಆದರೂ (ಪಾಸಿಟಿವ್ ಅರ್ತ್), ಮೈನಸ್ ಆದರೂ (ನೆಗೆಟಿವ್ ಅರ್ತ್), ಈ ಗಾಡಿಗಳಿಗೆ ಎಲೆಕ್ಟ್ರಿಕ್ ಸಾಮಾನು ಮಾಡುತ್ತಿದ್ದ ಲೂಕಾಸ್ ಕಂಪನಿಯ ಬಣ್ಣದ ಪದ್ಧತಿಯಲ್ಲಿ ಅರ್ತ್ ಕಪ್ಪೇ. ಕೆಂಪು ಅಂದರೆ ಪಾರ್ಕಿಂಗ್ ಲೈಟ್ ಮತ್ತು ಹಿಂದಿನ ಲೈಟ್. ಹೆಡ್‌ಲೈಟ್ ನೀಲಿ, ಇಗ್ನಿಷನ್ ಬಿಳಿ, ಇಗ್ನಿಷನ್ ಹಾಕಿದ ಮೇಲೆ ಫ್ಯೂಸ್ ದಾಟಿ ಬರುವುದು ಹಸಿರು. ನಾಳೆ ಇನ್ನೊಬ್ಬರು ಡಯಾಗ್ರಾಂ ಹಿಡಿದು ಈ ಕೆಂಪು ವೈರಿಗೆ ಲೈಟಿನ ಲೈವ್ ವೈರು ಜೋಡಿಸಿದರೆ ಶಾರ್ಟ್ ಆಗುವುದಿಲ್ಲವಾ?

ಫೋಟೋ ಎಲ್ಲ ಕಳಿಸಿದೆ. ಸಂಜೆಯವರೆಗೆ ಉತ್ತರ ಇಲ್ಲ. ರಾತ್ರಿ ಒಂದು ವಾಯ್ಸ್ ಮೆಸೇಜ್: ‘ಟೇಪ್ ಬಿಚ್ಚಿದ್ದು ನೀವು ಸಾರ್. ಬೇರೆಯವರು ಕೈ ಹಾಕಿದ ಮೇಲೆ ನನ್ನ ಗ್ಯಾರಂಟಿ ಇಲ್ಲ.’ ಟೇಪ್ ಬಿಚ್ಚದೆ ಒಳಗೆ ಏನಿದೆ ಅಂತ ನನಗೆ ಗೊತ್ತಾಗುವುದು ಹೇಗೆ? ಅದನ್ನೂ ಕೇಳಿದೆ. ಮೆಸೇಜ್ ಓದಿದ್ದಾರೆ. ಉತ್ತರ ಇಲ್ಲ. ಇವತ್ತಿನವರೆಗೂ ಇಲ್ಲ.

ನಿಮ್ಮ ಗಾಡಿ ಯಾರಿಗಾದರೂ ಕೊಟ್ಟಿದ್ದರೆ ಇಷ್ಟು ಮಾಡಿ. ತೆಗೆದ ಹಳೇ ಹಾರ್ನೆಸ್ ವಾಪಸ್ ಕೇಳಿ. ಬಿಸಾಕಿದೆ ಅಂದರೆ ಒಪ್ಪಬೇಡಿ, ನಾನು ಒಪ್ಪಿ ಕೆಟ್ಟೆ. ಟೇಪ್ ಸುತ್ತುವ ಮೊದಲು ಹೋಗಿ ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ. ಜಾಯಿಂಟ್ ಬೇಕೇ ಬೇಕು ಅಂದರೆ ಅದೇ ದಪ್ಪದ, ಅದೇ ಬಣ್ಣದ ವೈರು ಹಾಕಿ, ಸರಿಯಾದ ಕ್ರಿಂಪ್ (ವೈರು ಹಿಡಿದಿಡುವ ಲೋಹದ ಕೊಳವೆ) ಒತ್ತಿ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಒತ್ತಿದ ಮೇಲೆ ಕೈಯಲ್ಲಿ ಜಗ್ಗಿ ನೋಡಿ. ಮೀಟರ್ ಇಡುವಾಗ ಲೈಟ್ ಉರಿಯುತ್ತಿರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಲೈವ್ ಟರ್ಮಿನಲ್‌ಗೆ, ಇನ್ನೊಂದು ಬಲ್ಬಿಗೆ ಬರುವ ಟರ್ಮಿನಲ್‌ಗೆ ಇಡಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ನಡುವೆ ಎಲ್ಲೋ ಕೆಟ್ಟಿದೆ ಅಂತಲೇ ಹುಡುಕಿ. ಮತ್ತೆ, ಬ್ಯಾಟರಿಗೆ ಕರೆಂಟ್ ಪೂರ್ತಿ ನಿಲ್ಲಿಸುವ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ, ಇವತ್ತೇ.

ನನ್ನ ಹಾರ್ನೆಸ್ ಈಗ ಪೂರ್ತಿ ಹೊರಗೆ ಬಂದಿದೆ. ಈ ಸಲ ಬಣ್ಣಕ್ಕೆ ಬಣ್ಣ ಸರಿ ಇರುವ ರೆಡಿ ಹಾರ್ನೆಸ್ ತರಿಸುತ್ತಿದ್ದೇನೆ, ನಾನೇ ಕೂತು ಹಾಕುತ್ತೇನೆ. ಎಷ್ಟು ತಿಂಗಳಾದರೂ ಆಗಲಿ.

ನಾನು ಕಣ್ಣು ಮುಚ್ಚಿ ಕೊಡಿ ಅಂದಿದ್ದ ಆ ಸ್ನೇಹಿತರಿಗೆ ನಿನ್ನೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವರು ಹೋದ ವಾರವಷ್ಟೇ ಗಾಡಿ ಬಿಡಿಸಿಕೊಂಡು ಬಂದಿದ್ದಾರೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ‘ಟೇಪ್ ತುಂಬಾ ನೀಟಾಗಿ ಸುತ್ತಿದ್ದಾರೆ’ ಅಂದರು. ಬ್ಯಾಟರಿ ಕಳಚಿ ಇಡಿ ಅಂತ ಹೇಳಿದ್ದೇನೆ. ಭಾನುವಾರ ನಾನೇ ಬ್ಲೇಡ್ ತೆಗೆದುಕೊಂಡು ಹೋಗುತ್ತಿದ್ದೇನೆ.