ಗುಲ್ಮಾರ್ಗಿಗೆ ಎರಡು ಬೀಕನ್, ನನ್ನ ಓಟು ಸಾದಾದಕ್ಕೆ

ಸುರುವಿಗೇ ಹೇಳ್ತೇನೆ, ನನಗೆ ಇಷ್ಟ ಆದದ್ದು ಬಿಸಿಎ ಕಂಪೆನಿಯ ಸಾದಾ ಬೀಕನ್, ಟ್ರ್ಯಾಕರ್ ಎಸ್. ಬೀಕನ್ ಅಂದ್ರೆ ಹಿಮದಡಿ ಹೂತವರನ್ನು ರೇಡಿಯೋ ಸಿಗ್ನಲ್‌ನಿಂದ ಹುಡುಕ್ಲಿಕ್ಕೆ ಎಲ್ಲರೂ ಮೈಮೇಲೆ ಕಟ್ಟಿಕೊಳ್ಳುವ ಸಣ್ಣ ಯಂತ್ರ. ಮಂಗ್ಳೂರಲ್ಲಿ ಕೂತು ಹಿಮಕುಸಿತದ ಬೀಕನ್ ಎಂತಕ್ಕೆ ಅಂತ ಮನೆಯಲ್ಲೂ ಕೇಳಿ ಆಯ್ತು. ಆದ್ರೆ ಗುಲ್ಮಾರ್ಗಲ್ಲಿ ಗೊಂಡೊಲಾದ (ಕೇಬಲ್ ಕಾರಿನ) ಎರಡನೇ ಹಂತ ಹತ್ತಿ, ಮೇಲಿನ ಬೆಟ್ಟ ಅಫರ್ವಟ್‌ನಿಂದ ಕಾವಲು ತಂಡ (ಸ್ಕೀ ಪಟ್ರೋಲ್) ಇಲ್ಲದ ಕಡೆ ಸ್ಕೀ ಮಾಡುದಾದ್ರೆ ಬೀಕನ್, ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಶವೆಲ್ (ಸಲಿಕೆ) ಮೂರೂ ಬೇಕು ಮಾರಾಯ್ರೆ, 2024ರ ಫೆಬ್ರವರಿಯಲ್ಲಿ ಅಲ್ಲೇ ಹಿಮ ಕುಸಿದು ರಷ್ಯಾದ ಸ್ಕೀಯರ್ ಒಬ್ರು ತೀರಿಹೋದ್ರು.

ನನ್ನದು ಭಾವ ಜರ್ಮನಿಯಿಂದ ಬರುವಾಗ ತಂದುಕೊಟ್ಟದ್ದು. ದೋಸ್ತಿಯದ್ದು ಬೇರೆ ಕಂಪೆನಿಯ ದುಬಾರಿ ಮಾಡೆಲ್, ಬ್ಲೂಟೂತ್, ಆ್ಯಪ್, ಮಾರ್ಕ್ ಬಟನ್ ಎಲ್ಲ ಉಂಟು. ಎರಡರಲ್ಲೂ ಮೂರು ಆಂಟೆನಾ. ಎಲ್ಲ ಕಂಪೆನಿಯದ್ದೂ ಒಂದೇ ಫ್ರೀಕ್ವೆನ್ಸಿ, 457 ಕಿಲೋಹರ್ಟ್ಜ್, ಹಾಗಾಗಿ ಒಂದನ್ನು ಇನ್ನೊಂದು ಹುಡುಕ್ತದೆ, ಆ ತಲೆಬಿಸಿ ಬೇಡ.

ಪ್ರಾಕ್ಟೀಸಿಗೆ ಇಲ್ಲಿ ಹಿಮ ಎಲ್ಲಿಂದ ತರುದು, ತಣ್ಣೀರುಬಾವಿ ಬೀಚಿನ ಮರಳೇ ಗತಿ. ಇನ್ನೊಬ್ಬನ ಹಳೇ ಬೀಕನ್ನೂ ಸೇರಿಸಿ, ಎರಡನ್ನು ಡಬ್ಬಿಯಲ್ಲಿ ಹಾಕಿ ಹೂತು, ಮೂರನೇದ್ರಲ್ಲಿ ಹುಡುಕುದು. ಸೆಕೆಯಲ್ಲಿ ದಪ್ಪ ಗ್ಲೌಸ್ ಹಾಕಿ ಮರಳಿಗೆ ಬಗ್ಗಿ ತಿರುಗುದು ನೋಡಿ ಒಬ್ರು "ಎಂತ ಅಣ್ಣ, ಬಂಗಾರ ಹುಡುಕುದಾ" ಅಂತ ಕೇಳಿದ್ರು.

ದುಬಾರಿದ್ದು ಕೈಕೊಟ್ಟದ್ದು ಇಲ್ಲಿಯೇ. ಒಬ್ಬ ಸಿಕ್ಕಿದ ಕೂಡಲೇ ಮಾರ್ಕ್ ಒತ್ತಿದ್ರೆ ಆ ಸಿಗ್ನಲ್ ಅಡಗಿ ಮುಂದಿನವನನ್ನು ತೋರಿಸ್ಬೇಕು, ಡಬ್ಬಿಗಳು ದೂರ ದೂರ ಇದ್ದಾಗ ತೋರಿಸಿತು ಕೂಡ. ಹತ್ತಿರ ಹತ್ತಿರ ಹೂತಾಗ ಎರಡು ಸಿಗ್ನಲ್ ಒಂದರ ಮೇಲೊಂದು ಬೀಳ್ತದಲ್ಲ, ಆಗ ಒಮ್ಮೆ ಮಾರ್ಕ್ ತಗೊಳ್ಳುದೇ ಇಲ್ಲ, ಒಮ್ಮೆ ತಗೊಂಡ್ರೂ ಎರಡು ಹೆಜ್ಜೆ ಹೋದ ಮೇಲೆ ಬಾಣ ಪುನಃ ಹಳೇ ಡಬ್ಬಿಗೇ ತಿರುಗ್ತದೆ, ಮತ್ತೆ ಒತ್ತಿ, ಕಾದು, ಮತ್ತೆ ಒತ್ತಿ. ಸಿಗ್ನಲ್ ಬೆರೆಯುದು ಎಲ್ಲ ಬೀಕನಿಗೂ ಇದ್ದದ್ದೇ, ಒಪ್ಪೋಣ. ಆದ್ರೆ ಬಟನ್ ಎಷ್ಟು ಸಣ್ಣ ಅಂದ್ರೆ ದೋಸ್ತಿ ಕೊನೆಗೆ ಗ್ಲೌಸ್ ಬಿಚ್ಚಿಯೇ ಒತ್ತಿದ, ಬೀಚಲ್ಲಿ ಬಿಚ್ಚಬಹುದು, ಅಫರ್ವಟ್ ಗಾಳಿಯಲ್ಲಿ ಬಿಚ್ಚಿ ನೋಡ್ಲಿ! ಹಿಮದಡಿ ಸಿಕ್ಕವರನ್ನು ಸುಮಾರು 15 ನಿಮಿಷದೊಳಗೆ ತೆಗೆದ್ರೆ ಹೆಚ್ಚಿನವರು ಬದುಕ್ತಾರೆ, ಆಮೇಲೆ ಚಾನ್ಸ್ ಸರ್ರಂತ ಇಳಿತದೆ, ಆ ಹೊತ್ತಲ್ಲಿ ಸ್ಕ್ರೀನ್ ಜೊತೆ ಜಗಳ ಮಾಡ್ಲಿಕ್ಕಾಗುದಿಲ್ಲ.

ನನ್ನದ್ರಲ್ಲಿ ದಾರಿ ತೋರಿಸ್ಲಿಕ್ಕೆ ಲೈಟು, ದೂರಕ್ಕೊಂದು ನಂಬರ್. ನಂಬರ್ ಇಳಿತಾ ಹೋದ ಹಾಗೆ ನಡಿಗೆ ನಿಧಾನ ಮಾಡುದು, ಕೊನೆಗೆ ನೆಲಕ್ಕೆ ತಾಗಿಸಿ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಆಡಿಸಿ ಎಲ್ಲಕ್ಕಿಂತ ಕಮ್ಮಿ ನಂಬರ್ ಬಂದಲ್ಲಿ ಪ್ರೋಬ್ ಚುಚ್ಚುದು. ದಾರಿ ನೇರ ಇರುದಿಲ್ಲ, ಬಳಸಿಕೊಂಡು ಹೋಗ್ತದೆ, ಗಾಬರಿ ಬೇಡ.

ರೇಂಜ್ ದುಬಾರಿದಕ್ಕೇ ಜಾಸ್ತಿ. ಆ್ಯಪ್ ದೋಸ್ತಿ ಒಮ್ಮೆ ತೆರೆದದ್ದು ಬಿಟ್ರೆ ಇಲ್ಲ. ಫೋನ್ ಎರಡಕ್ಕೂ ಉಪದ್ರ, ಹುಡುಕುವಾಗ ಕಮ್ಮಿಯೆಂದ್ರೂ ಅರ್ಧ ಮೀಟರ್ ದೂರ ಇಡ್ಬೇಕು. ಮತ್ತೆ ನಮ್ಮೂರಿನವರಿಗೆ ಒಂದು ವಿಷಯ, ಜೂನ್ ಬರುವ ಮೊದ್ಲು ಸೆಲ್ ತೆಗೆದಿಡಿ. ನಮ್ಮ ಮಳೆಗಾಲದ ಥಂಡಿಗೆ ಸೆಲ್ ಸೋರಿ ಒಳಗೆ ಹಸಿರು ಹಿಡಿದ್ರೆ ಅದು ಕಪಾಟಿನ ಆಟಿಕೆ ಅಷ್ಟೇ.

ನಾವು ಹೋಗುದು ವರ್ಷಕ್ಕೊಮ್ಮೆ, ಮೂರ್ನಾಲ್ಕು ಜನ. ಉಳಿದ ದುಡ್ಡಲ್ಲಿ ಒಳ್ಳೆ ಅಲ್ಯೂಮಿನಿಯಂ ಶವೆಲ್ ತಗೊಂಡೆ, ಪ್ಲಾಸ್ಟಿಕಿನದ್ದು ಗಟ್ಟಿ ಹಿಮಕ್ಕೆ ಆಗುದಿಲ್ಲ. ದೊಡ್ಡ ಗುಂಪು ಕರ್ಕೊಂಡು ಹೋಗುವ ಗೈಡ್ ನೀವಾದ್ರೆ, ಪ್ರತಿ ಸೀಸನ್ ಪ್ರಾಕ್ಟೀಸ್ ಮಾಡುವವರಾದ್ರೆ, ದುಬಾರಿದ್ದು ತಗೊಳ್ಳಿ, ಆದ್ರೆ ಅಂಗಡಿಯಲ್ಲಿ ಗ್ಲೌಸ್ ಹಾಕಿ ಬಟನ್ ಒತ್ತಿ ನೋಡಿದ ಮೇಲೆ.