ಧಾರವಾಡದ ಬೈಂಡಿಂಗ್ ಅಂಗಡಿ: ಹಳೇ ಪುಸ್ತಕಕ್ಕೆ ಒಳ್ಳೇ ಕೈ

ಹಳೇ ಪುಸ್ತಕಕ್ಕೆ ರಟ್ಟು ಹಾಕಿಸಬೇಕಾ? ಧಾರವಾಡದ ಸುಭಾಸ ರಸ್ತೆ ಪಕ್ಕದ ಓಣಿಯ ಈ ಅಂಗಡಿಗೆ ಧೈರ್ಯವಾಗಿ ಹೋಗಿ. ನಾನು ಕೊಟ್ಟಿದ್ದು, ಇಸ್ಲಾಂ ಬಿಟ್ಟು ಕ್ರೈಸ್ತರಾದ ಮೌಲವಿ ಇಮಾದುದ್ದೀನ್ ಲಾಹಿಜ್ ಅವರ ಆತ್ಮಕಥೆಯ ಹಳೇ ಇಂಗ್ಲಿಷ್ ಅನುವಾದ. ಮುಟ್ಟಿದರೆ ಪುಡಿಯಾಗುವ ಹಾಳೆಗಳು. ಬೈಂಡಿಂಗ್ ಮಾಡುವ ಚಾಚಾ ಪಿನ್ ಹೊಡೆಯಲಿಲ್ಲ. ಬೆನ್ನಿನ ಅಂಟು ನಿಧಾನಕ್ಕೆ ಬಿಡಿಸಿ, ಹರಿದ ಅಂಚಿಗೆ ತೆಳು ಕಾಗದ ಅಂಟಿಸಿ, ದಾರದಲ್ಲಿ ಹೊಲಿದರು. ಈಗ ಪುಸ್ತಕ ಪೂರ್ತಿ ತೆರೆದುಕೊಳ್ಳುತ್ತದೆ.

ಈ ಪುಸ್ತಕ ಉಳಿಯಲೇಬೇಕಿತ್ತು. 1854ರಲ್ಲಿ ಆಗ್ರಾದಲ್ಲಿ ಮೌಲಾನಾ ರಹಮತುಲ್ಲಾ ಕೈರಾನವಿ ಮತ್ತು ಪಾದ್ರಿ ಫಾಂಡರ್ ನಡುವೆ ಇಸ್ಲಾಂ, ಕ್ರೈಸ್ತ ಧರ್ಮಗಳ ಬಗ್ಗೆ ದೊಡ್ಡ ವಾದ ನಡೆಯಿತು. ಫಾಂಡರ್ ಪಾದ್ರಿಯಾಗಿ ತಯಾರಾಗಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. 1837ರಲ್ಲಿ ನಮ್ಮ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಅದೇ ಊರಿನದು. ಆಗ ಇಮಾದುದ್ದೀನ್ ಮೌಲಾನಾ ಕಡೆಯವರು. ಮಸೀದಿಯಲ್ಲಿ ಫಾಂಡರ್ ವಿರುದ್ಧ ಉಪದೇಶ ಮಾಡುತ್ತಿದ್ದರು. ಆಮೇಲೆ ದೇವರನ್ನು ಹುಡುಕುತ್ತ ಕಾಡು ಸೇರಿ ಉಪವಾಸ ಮಾಡಿದರು. ದೇವರ ಹೆಸರು ಬರೆದ ಚೀಟಿಗಳನ್ನು ಹಿಟ್ಟಿನ ಉಂಡೆಯಲ್ಲಿಟ್ಟು ಮೀನಿಗೆ ಹಾಕಿದರು. ಆ ಪುಟ ಓದಿದರೆ ಗಂಟಲು ಕಟ್ಟುತ್ತದೆ. 1866ರಲ್ಲಿ ಅಮೃತಸರದಲ್ಲಿ ದೀಕ್ಷಾಸ್ನಾನ ತಗೊಂಡರು. ಮಿಷನರಿಗಳು ಇದನ್ನು ಪ್ರಚಾರಕ್ಕೆ ಬಳಸಿದರು, ನಿಜ. ಆದರೂ ಆ ಹುಡುಕಾಟ ಇಮಾದುದ್ದೀನ್ ಅವರದೇ ಅಲ್ವಾ?

ನಾನು ಚರ್ಚಿನ ಮನೆಯವಳು. ಕಥೆ ಹೇಳಿದಾಗ ಚಾಚಾ ಕೆಲಸ ನಿಲ್ಲಿಸಿ ಕೇಳಿದರು: "ರಹಮತುಲ್ಲಾ ಸಾಹೇಬರು ಏನಾದ್ರು ಮುಂದ?" 1857ರ ನಂತರ ಮೆಕ್ಕಾಗೆ ಹೋಗಿ ಅಲ್ಲಿ ಮದ್ರಸಾ ಕಟ್ಟಿದರು ಅಂದೆ. ಅವರಿಗೆ ಬಹಳ ಖುಷಿಯಾಯಿತು.

ಒಂದೇ ತಕರಾರು. ಅಂಚು ಕತ್ತರಿಸುವಾಗ ಹಿಂದಿನ ಓದುಗರೊಬ್ಬರ ಪೆನ್ಸಿಲ್ ಟಿಪ್ಪಣಿ ಅರ್ಧ ಹೋಯಿತು. ಕತ್ತರಿಸಬೇಡಿ ಅಂತ ಮೊದಲೇ ಹೇಳಿ. ರೊಕ್ಕ ಸ್ವಲ್ಪ ಜಾಸ್ತಿ, ಆದರೆ ಕೆಲಸ ಗಟ್ಟಿ. ರಂಜಾನಿನಲ್ಲಿ ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ, ಬೆಳಿಗ್ಗೆ ಹೋಗಿ.